ಅಜ್ಜಿಯ ಟ್ರಂಕು ಹಂಚುವ ಮುನ್ನ: ಕುಸುರಿ ಬಲ್ಲ ಹಿರಿಯರ ಬದುಕನ್ನು ದಾಖಲಿಸುವ ಕ್ರಮ

ಮನೆಯ ಹಿರಿಯ ಹೆಂಗಸು ತೀರಿಕೊಂಡಾಗ ಹನ್ನೊಂದನೆಯ ದಿನದ ಕಾರ್ಯ ಮುಗಿಯುವುದರೊಳಗೆ ಒಡವೆಯ ಲೆಕ್ಕ ಆಗಿರುತ್ತದೆ, ಒಳ್ಳೆಯ ಸೀರೆಗಳು ಹೆಣ್ಣುಮಕ್ಕಳ ಚೀಲ ಸೇರಿರುತ್ತವೆ, ಗೋಡೆಗೆ ಹಾಕುವ ಫೋಟೊಗೆ ಕಟ್ಟು ಹಾಕಿಸಲು ಕೊಟ್ಟಾಗಿರುತ್ತದೆ. ಉಳಿಯುವುದು ಯಾರೂ ಕೇಳದ ಸಾಮಾನು: ಸೂಜಿ ಚುಚ್ಚಿಟ್ಟ ಬಟ್ಟೆಯುಂಡೆ, ಅರ್ಧ ಹೆಣೆದ ವೈರ್ ಬುಟ್ಟಿ, ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿಗಳು, ಚುಕ್ಕಿ ಇಟ್ಟು ರಂಗೋಲಿ ಬರೆದ ನೋಟುಪುಸ್ತಕ, ಹಳೆಯ ಸೀರೆಯ ತುಂಡುಗಳ ಗಂಟು. ಕೈಕೆಲಸದಲ್ಲೇ ಸುಖ ಕಂಡ ಹೆಂಗಸಿನ ಚರಿತ್ರೆ ಇರುವುದು ಈ ಸಾಮಾನಿನಲ್ಲಿ. ಹುಟ್ಟು, ಮದುವೆ, ಮಕ್ಕಳು ಎಂಬ ಸಾಲಿನಿಂದ ಶುರುಮಾಡಿದ ಬರಹ ಎರಡು ಪುಟಕ್ಕೆ ನಿಂತುಹೋಗುತ್ತದೆ. ಅವರು ಮಾಡಿಟ್ಟ ಒಂದು ವಸ್ತುವನ್ನು ಹಿಡಿದು ಹೊರಟರೆ ಅದರ ಹಿಂದೆ ಮನೆ, ಊರು, ಸಂತೆ, ಸಂಬಂಧಗಳೆಲ್ಲ ಬರುತ್ತವೆ.

ಇಲ್ಲಿ ಹೇಳುವ ಕ್ರಮವನ್ನು ನಾವು ನಮ್ಮ ಅಜ್ಜಿಯ ವಿಷಯದಲ್ಲಿ, ಅರ್ಧ ತಿಳಿದು ಅರ್ಧ ತಪ್ಪಿ, ಒಂದು ವರ್ಷದ ಕಾಲ ನಡೆಸಿ ಕಲಿತೆವು. ಅವರು ಗೌರಿಬಿದನೂರು ತಾಲ್ಲೂಕಿನ ತವರಿನಿಂದ ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಗೆ ಸೊಸೆಯಾಗಿ ಬಂದವರು. ರೇಷ್ಮೆಗೂಡಿನ ಹಾರ, ಸೀರೆತುಂಡಿನ ಕೌದಿ ಮತ್ತು ವೈರ್ ಬುಟ್ಟಿ ಅವರ ಮೂರು ಮುಖ್ಯ ವಿದ್ಯೆಗಳು. ನಿಮ್ಮ ಮನೆಯ ಹಿರಿಯರು ತಿಪಟೂರಿನ ಕಡೆ ಮದುವೆಗೆ ಕೊಬ್ಬರಿ ಕೆತ್ತುತ್ತಿದ್ದವರಿರಬಹುದು, ಮಾಲೂರಿನಲ್ಲಿ ಮಣಿಯ ತೋರಣ ಪೋಣಿಸುತ್ತಿದ್ದವರಿರಬಹುದು. ಕೆಲಸ ಬೇರೆಯಾದರೂ ಕ್ರಮ ಬಹುಮಟ್ಟಿಗೆ ಇದೇ.

ಮೊದಲ ಹದಿನೈದು ದಿನ: ಒಗೆಯಬೇಡಿ, ಜೋಡಿಸಬೇಡಿ

ಸೂತಕ ಕಳೆದ ಮೇಲೆ ಮನೆ ತೊಳೆಯುವುದು, ಬಟ್ಟೆ ಒಗೆಯುವುದು ಪದ್ಧತಿ. ಅದನ್ನು ಮುರಿಯಬೇಕೆಂದು ನಾನು ಹೇಳುವುದಿಲ್ಲ; ಆದರೆ ಅವರ ಟ್ರಂಕು, ಹೊಲಿಗೆಯ ಡಬ್ಬಿ ಮತ್ತು ಅವರು ಕೂತು ಕೆಲಸ ಮಾಡುತ್ತಿದ್ದ ಮೂಲೆ, ಈ ಮೂರನ್ನು ಮಾತ್ರ ಮುಟ್ಟದೆ ಇಡಬೇಕೆಂದು ಮನೆಯ ಹಿರಿಯರೊಬ್ಬರಿಂದಲೇ ಹೇಳಿಸಿ. ಕಿರಿಯರು ಹೇಳಿದರೆ ಆ ಮಾತು ನಿಲ್ಲುವುದಿಲ್ಲ. ಯಾವುದರ ಮೇಲೆ ಯಾವುದು ಇತ್ತು, ಯಾವ ಗಂಟಿನಲ್ಲಿ ಏನು ಸೇರಿತ್ತು ಎಂಬ ಜೋಡಣೆಯೂ ಅವರದೇ ಕೈಯ ಕೆಲಸ. ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಮೇಲಿನಿಂದ ಒಂದು ಫೋಟೊ ತೆಗೆಯಿರಿ; ಒಂದು ಪದರ ತೆಗೆದು ಪಕ್ಕಕ್ಕಿಟ್ಟು ಮತ್ತೊಂದು ಫೋಟೊ; ತಳ ಕಾಣುವವರೆಗೂ ಹೀಗೆಯೇ. ತಳದಲ್ಲಿ ಹಾಸಿದ ಹಳೆಯ ದಿನಪತ್ರಿಕೆಯನ್ನು ಎಸೆಯಬೇಡಿ, ಅದರ ಮೇಲೆ ತಾರೀಕು ಇರುತ್ತದೆ.

ಈ ಎಚ್ಚರ ನಮಗೆ ಒಂದು ವಾರ ತಡವಾಗಿ ಬಂತು. ಗೂಡಿನ ಹೂವಿಗೆ ಎಸಳು ಕತ್ತರಿಸಲು ಅಜ್ಜಿ ರಟ್ಟಿನಲ್ಲಿ ಮಾಡಿಟ್ಟುಕೊಂಡಿದ್ದ ಅಚ್ಚುಗಳು ಒಂದು ಡಬ್ಬಿಯಲ್ಲಿದ್ದವು. ಹಳೇ ಪೇಪರಿನವನು ಬಂದ ದಿನ ಅವು ಕಸವೆಂದು ಹೋದವು. ಕಳುಹಿಸಿದವನು ನಾನೇ.

ಪಟ್ಟಿ ಬರೆಯುವುದು

ಕಂಪ್ಯೂಟರಿಗಿಂತ ಮೊದಲು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಳ್ಳಿ, ಏಕೆಂದರೆ ಈ ಪಟ್ಟಿಗೆ ಅತ್ತೆಯಂದಿರು, ದೊಡ್ಡಮ್ಮಂದಿರು ಬಂದು ಕೂತು ಸೇರಿಸುವ ಮಾತೇ ಹೆಚ್ಚು, ಅವರ ಮುಂದೆ ಪರದೆಗಿಂತ ಪುಸ್ತಕ ಒಗ್ಗುತ್ತದೆ. ಪ್ರತಿ ವಸ್ತುವಿಗೆ ಒಂದು ಸಂಖ್ಯೆ, ಏನು, ಯಾವ ಸಾಮಗ್ರಿ, ಎಲ್ಲಿ ಸಿಕ್ಕಿತು, ಅಳತೆ, ಯಾರಿಗಾಗಿ ಮಾಡಿದ್ದು, ಈ ಮಾತು ಹೇಳಿದವರು ಯಾರು, ಈಗ ಯಾರ ಬಳಿ ಇದೆ. ಇವುಗಳಲ್ಲಿ ಕೊನೆಯ ಎರಡು ಅಂಕಣಗಳನ್ನು ಜನ ಬಿಡುತ್ತಾರೆ. ಹತ್ತು ವರ್ಷದ ಮೇಲೆ ಬೇಕಾಗುವುದು ಅವೇ. ಒಂದೇ ಬುಟ್ಟಿಯ ಬಗ್ಗೆ ಇಬ್ಬರು ಎರಡು ಮಾತು ಹೇಳಿದರೆ ಎರಡನ್ನೂ ಬರೆಯಿರಿ, ಪಂಚಾಯಿತಿ ಮಾಡಲು ಹೋಗಬೇಡಿ.

ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯಬಾರದು. ಸಣ್ಣ ರಟ್ಟಿನ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಬಿಳಿಯ ಹತ್ತಿ ದಾರದಲ್ಲಿ ಕಟ್ಟಿ. ಅಂಟುಟೇಪು, ಸ್ಟೇಪ್ಲರ್ ಪಿನ್ನು, ಗುಂಡುಪಿನ್ನು ಯಾವುದೂ ಬೇಡ. ಟೇಪಿನ ಅಂಟು ಬಟ್ಟೆಗೆ ಇಳಿದು ಹಳದಿ ಕಲೆಯಾಗುತ್ತದೆ, ಪಿನ್ನು ಮೊದಲ ಮಳೆಗಾಲಕ್ಕೇ ತುಕ್ಕು ಬಿಡುತ್ತದೆ. ಅವರ ಸೂಜಿಗಳನ್ನೂ ಬಟ್ಟೆಯಿಂದ ತೆಗೆದು ಒಂದು ಹನಿ ಎಣ್ಣೆ ಒರೆಸಿ ಬೇರೆ ಡಬ್ಬಿಯಲ್ಲಿಡಿ, ಆದರೆ ತೆಗೆಯುವ ಮುನ್ನ ಯಾವ ಸೂಜಿ ಎಲ್ಲಿ ನಿಂತಿತ್ತೆಂಬ ಫೋಟೊ ಇರಲಿ.

ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೆ ಅದರ ಮೇಲಿನ ಸಂಖ್ಯೆಯನ್ನು ತಪ್ಪದೆ ಗುರುತು ಮಾಡಿಕೊಳ್ಳಿ. ಸಿಂಗರ್ ಯಂತ್ರಗಳಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸರಣಿ ಸಂಖ್ಯೆ ಇರುತ್ತದೆ. ಆ ಅಕ್ಷರಗಳಿಂದ ಅದು ಯಾವ ಕಾರ್ಖಾನೆಯಲ್ಲಿ ಸುಮಾರು ಯಾವ ವರ್ಷ ತಯಾರಾಯಿತು ಎಂದು ಪತ್ತೆಯಾಗುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಆದ ಯಂತ್ರ ನಮ್ಮ ಹಜಾರದ ಮೂಲೆಯವರೆಗೆ ಬಂದ ದಾರಿಯೇ ಒಂದು ಅಧ್ಯಾಯವಾಗಬಹುದು.

ಅಳತೆ: ಇಂಚಿನಲ್ಲಿಯೂ ಗೇಣಿನಲ್ಲಿಯೂ

ಫೋಟೊ ತೆಗೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಪಡಸಾಲೆಯ ನೆರಳಿನಲ್ಲಿ ಬಿಳಿ ಪಂಚೆ ಹಾಸಿ, ವಸ್ತುವಿನ ಪಕ್ಕ ಸ್ಕೇಲು ಮತ್ತು ಸಂಖ್ಯೆಯ ಚೀಟಿ ಇಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮುಂಬದಿ, ಹಿಂಬದಿ, ಒಂದು ಹತ್ತಿರದ ಚಿತ್ರ. ಹಿಂಬದಿಯನ್ನು ಬಿಡಲೇಬಾರದು, ಏಕೆಂದರೆ ಗಂಟು ಎಲ್ಲಿ ಹಾಕಿದರು, ದಾರ ಸಾಲದೆ ಎಲ್ಲಿ ಬೇರೆ ಬಣ್ಣ ಸೇರಿಸಿದರು, ಎಲ್ಲಿ ಬಿಚ್ಚಿ ಮತ್ತೆ ಹೊಲಿದರು ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಅಳತೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಈ ತಲೆಮಾರಿನ ಹೆಂಗಸರು ಟೇಪು ಹಿಡಿದು ಕೆಲಸ ಮಾಡಿದವರಲ್ಲ. ಹೂವನ್ನು ಮೊಳದಲ್ಲಿ, ದಾರವನ್ನು ಮಾರಿನಲ್ಲಿ, ಬುಟ್ಟಿಯನ್ನು ಗೇಣಿನಲ್ಲಿ ಅಳೆದವರು. ಪುಸ್ತಕದ ಪ್ರಕಾರ ಗೇಣು ಒಂಬತ್ತು ಇಂಚು, ಮೊಳ ಹದಿನೆಂಟು ಇಂಚು. ಆದರೆ ಯಾರ ಗೇಣೂ ಪುಸ್ತಕದ ಗೇಣಲ್ಲ. ನಮ್ಮ ಚಿಕ್ಕಮ್ಮ ಹೇಳಿದಂತೆ ಅಜ್ಜಿಯ ತರಕಾರಿ ಬುಟ್ಟಿಯ ಬಾಯಿ ಯಾವಾಗಲೂ "ಒಂದೂವರೆ ಗೇಣು". ಮನೆಯಲ್ಲಿ ಉಳಿದಿದ್ದ ಮೂರು ಬುಟ್ಟಿಗಳನ್ನು ಅಳೆದಾಗ ಮೂರೂ ಹನ್ನೊಂದೂಕಾಲು ಇಂಚಿನ ಆಸುಪಾಸಿಗೆ ಬಂದವು. ಒಂದೂವರೆಯಿಂದ ಭಾಗಿಸಿದರೆ ಏಳೂವರೆ ಇಂಚು: ಅದು ಅವರ ಗೇಣು, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಚಾಚಿದ ಅವರ ಕೈ. ಅಜ್ಜಿಯ ಕೈಯನ್ನು ಯಾರೂ ಅಳೆದಿಟ್ಟಿರಲಿಲ್ಲ, ಬುಟ್ಟಿಗಳು ಅಳೆದಿಟ್ಟಿದ್ದವು. ಆದ್ದರಿಂದ ವಸ್ತುವಿನ ಅಳತೆಯನ್ನು ಇಂಚಿನಲ್ಲಿ ಬರೆದ ಮೇಲೆ, ಅದನ್ನು ಅವರು ಏನೆಂದು ಕರೆಯುತ್ತಿದ್ದರೆಂದು ವಿಚಾರಿಸಿ ಪಕ್ಕದಲ್ಲೇ ಬರೆಯಿರಿ.

ಕೌದಿಯ ನಕ್ಷೆ

ನಿಮ್ಮ ಮನೆಯಲ್ಲಿ ಹಳೆಯ ಸೀರೆಗಳ ಕೌದಿ ಇದ್ದರೆ (ಗಡಿಯ ಊರುಗಳಲ್ಲಿ ತೆಲುಗಿನಂತೆ ಬೊಂತ ಎನ್ನುತ್ತಾರೆ) ಅದಕ್ಕೆ ಒಂದು ಇಡೀ ದಿನ ಮೀಸಲಿಡಿ. ಮಾಳಿಗೆಯ ಮೇಲೆ, ಬಿಸಿಲಿಲ್ಲದ ಹೊತ್ತಿನಲ್ಲಿ ಹರಡಿ, ಏಣಿ ಹತ್ತಿ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಡಿ. ಇದೇ ನಕ್ಷೆ. ಇನ್ನು ಮನೆಯ ಹೆಂಗಸರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಸೀರೆ?

ಒಬ್ಬೊಬ್ಬರಾಗಿ ಎಂದದ್ದಕ್ಕೆ ಕಾರಣವಿದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ದೊಡ್ಡ ಗಂಟಲಿನವರ ನೆನಪೇ ಎಲ್ಲರ ನೆನಪಾಗುತ್ತದೆ. ನಮ್ಮಲ್ಲಿ ಒಂದು ಹಸಿರು ತುಂಡನ್ನು ದೊಡ್ಡಮ್ಮ ತಮ್ಮ ಸೀಮಂತದ ಸೀರೆಯೆಂದರು. ಅಜ್ಜಿಯ ಓರಗಿತ್ತಿ, ಈಗ ಎಂಬತ್ತು ದಾಟಿದವರು, ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ "ಇದು ಜನತಾ ಸೀರೆ ಕಣಪ್ಪ, ಸೀಮಂತಕ್ಕೆ ಯಾರು ಇದನ್ನ ಉಡಿಸ್ತಾರೆ" ಎಂದರು. ಬಡವರಿಗೆ ಕಡಿಮೆ ಬೆಲೆಯ ಕೈಮಗ್ಗದ ಬಟ್ಟೆ ಕೊಡುವ ಸರ್ಕಾರದ ಜನತಾ ಬಟ್ಟೆ ಯೋಜನೆ ಶುರುವಾದದ್ದು 1976ರಲ್ಲಿ. ದೊಡ್ಡಮ್ಮನ ಸೀಮಂತ ಅದಕ್ಕೆ ಮೊದಲಿನದು. ಹೀಗೆ ಒಂದು ಬೆರಳುಜ್ಜಿನಿಂದ ಕೌದಿ ಯಾವ ಕಾಲಕ್ಕಿಂತ ಹಿಂದಿನದಲ್ಲ ಎಂಬುದು ನಿಶ್ಚಯವಾಯಿತು. ದೊಡ್ಡಮ್ಮನ ಮಾತನ್ನೂ ನಾವು ಪುಸ್ತಕದಿಂದ ಅಳಿಸಲಿಲ್ಲ.

ಬಟ್ಟೆ ಯಾವುದೆಂದು ಕೈಗೆ ತಿಳಿಯದಿದ್ದರೆ ಅಂಚಿನಿಂದ ಸಡಿಲವಾದ ಒಂದೇ ಎಳೆಯನ್ನು ತೆಗೆದು, ಇಕ್ಕಳದಲ್ಲಿ ಹಿಡಿದು, ಕೌದಿಯಿಂದ ದೂರ ಹೋಗಿ ಸುಟ್ಟು ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತವೆ. ಹತ್ತಿ ಹೋಗಿ ನೈಲಾನು ಬಂದ ಜಾಗ ಕೌದಿಯಲ್ಲಿ ಕಣ್ಣಿಗೇ ಕಾಣುತ್ತದೆ, ಊರಿನ ಉಡುಗೆ ಬದಲಾದ ಗೆರೆ ಅದು.

ವರ್ಷಗಳನ್ನು ಹಿಡಿಯುವುದು

ನಮ್ಮ ಜಿಲ್ಲೆಗಳ ಹಳೆಯ ಹೆಂಗಸರಿಗೆ ಹುಟ್ಟಿದ ತಾರೀಕು ಇರುವುದಿಲ್ಲ. ಮತದಾರರ ಗುರುತಿನ ಚೀಟಿಯಲ್ಲಿರುವ ವಯಸ್ಸು ಬರೆದುಕೊಂಡವರ ಅಂದಾಜು, ಆಧಾರ್‌ನಲ್ಲಿರುವ ಜನವರಿ 1 ಕೂಡ ಹೆಚ್ಚಾಗಿ ಅಂಥದೇ. ಆದರೆ ಸಂವತ್ಸರದ ಹೆಸರು ನೆನಪಿರುತ್ತದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾದ ಪ್ರಭವ 1927ರ ಯುಗಾದಿಯಿಂದ ಆರಂಭವಾಗಿ ಮತ್ತೆ 1987ರಲ್ಲಿ ಬಂತು. ಇದನ್ನು ಹಿಡಿದು ಎಣಿಸಿದರೆ ಧಾತು ಎಂದರೆ 1936–37, ಚಿತ್ರಭಾನು ಎಂದರೆ 1942–43, ಸರ್ವಜಿತು ಎಂದರೆ 1947–48. ಅರವತ್ತು ವರ್ಷದ ತಪ್ಪು ಆಗದಂತೆ ಎಚ್ಚರ ಬೇಕು: ಹಿರಿಯರ ಬಾಯಲ್ಲಿ ಬರುವ ಧಾತು ಸಂವತ್ಸರದ ಬರ 1876ರದು, ಅದು ಅವರ ಅಜ್ಜಿಯಂದಿರ ಕಾಲದ ಮಾತು.

ನಮ್ಮ ಅಜ್ಜಿ ತಮ್ಮ ಹುಟ್ಟಿನ ಬಗ್ಗೆ ಹೇಳುತ್ತಿದ್ದದ್ದು ಎರಡೇ ಮಾತು: ಬಹುಧಾನ್ಯ, ಮತ್ತು "ಗೋಲಿಬಾರ್ ಆದ ವರ್ಷ". ಬಹುಧಾನ್ಯ 1938–39. ಅವರ ತವರಿನ ತಾಲ್ಲೂಕಿನದೇ ಆದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು 1938ರ ಏಪ್ರಿಲ್ 25ರಂದು. ಎರಡು ಮಾತೂ ಒಂದಕ್ಕೊಂದು ಕೂಡಿಕೊಂಡವು. ನಿಮ್ಮ ಮನೆಗೂ ಇಂಥ ಗೂಟಗಳಿರುತ್ತವೆ: ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1, ಎಲ್ಲರೂ ಬಾಗಿಲು ಹಾಕಿಕೊಂಡು ಒಳಗಿದ್ದ 1980ರ ಫೆಬ್ರವರಿ 16ರ ಸೂರ್ಯಗ್ರಹಣ, ಕೋಲಾರದ ಚಿನ್ನದ ಗಣಿ ಮುಚ್ಚಿದ 2001ರ ಫೆಬ್ರವರಿ 28. "ಯಾವ ವರ್ಷ?" ಎಂದು ಕೇಳಿದರೆ ಗೊತ್ತಿಲ್ಲ ಎನ್ನುವವರು "ಗ್ರಹಣಕ್ಕೆ ಮುಂಚೆಯೋ ಆಮೇಲೋ?" ಎಂದರೆ ಥಟ್ಟನೆ ಹೇಳುತ್ತಾರೆ.

ಹಣದ ಮಾತೂ ಸುಳಿವು ಕೊಡುತ್ತದೆ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೂ ನಾಲ್ಕಾಣೆ, ಎಂಟಾಣೆ ಎಂಬ ಮಾತು ಬಹುಕಾಲ ಉಳಿದದ್ದರಿಂದ ಅವನ್ನು ನಂಬಿ ವರ್ಷ ಹೇಳಲಾಗದು. ಆದರೆ ದಾರದುಂಡೆಗೆ "ಮೂರು ಕಾಸು" ಕೊಟ್ಟೆವೆಂದರೆ ಅದು ಅದಕ್ಕಿಂತ ಹಿಂದಿನದು. ಕಾಗದಪತ್ರ ಹುಡುಕುವವರಿಗೆ ಒಂದು ಮಾತು: ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕೆ ಹಿಂದಿನ ದಾಖಲೆಗಳಲ್ಲಿ ಊರು ಕೋಲಾರ ಜಿಲ್ಲೆಯಲ್ಲಿರುತ್ತದೆ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು ಇದ್ದವರನ್ನು ಎರಡೂ ಹೆಸರಿನಲ್ಲಿ ಹುಡುಕಬೇಕು.

ಮಾತು ಹಿಡಿದಿಡುವುದು

ನೆನಪು ಕೇಳಲು ಹೋದಾಗ ಕೈಬೀಸಿಕೊಂಡು ಹೋಗಬೇಡಿ. ಅಜ್ಜಿಯ ಬಗ್ಗೆ ಏನಾದರೂ ಹೇಳಿ ಎಂದರೆ "ತುಂಬಾ ಒಳ್ಳೆಯವರು, ಎಲ್ಲರಿಗೂ ಊಟ ಹಾಕೋರು" ಎಂಬ ಉತ್ತರಕ್ಕಿಂತ ಮುಂದೆ ಹೋಗುವುದಿಲ್ಲ. ಗಂಡಸರಂತೂ ಅಲ್ಲಿಗೇ ಮುಗಿಸಿಬಿಡುತ್ತಾರೆ. ಅದರ ಬದಲು ಅವರು ಹೆಣೆದ ಬುಟ್ಟಿಯನ್ನು ಕೈಗೆ ಕೊಟ್ಟು ಸುಮ್ಮನಿರಿ. ಕೈ ಹಿಡಿಕೆಯನ್ನು ತಡವುತ್ತದೆ, ವೈರು ಎಲ್ಲಿಂದ ತರಿಸುತ್ತಿದ್ದರು, ಬೆರಳು ಕೊಯ್ದುಕೊಂಡಾಗ ಏನು ಹಚ್ಚುತ್ತಿದ್ದರು, ಯಾವ ಸೊಸೆಗೆ ಕಲಿಸಲು ಒಪ್ಪಲಿಲ್ಲ ಎಂಬ ಮಾತುಗಳು ತಾವಾಗಿ ಬರುತ್ತವೆ. ನೆಂಟರಷ್ಟೇ ಸಾಲದು; ನೂಲು, ಗುಂಡಿ ಮಾರುತ್ತಿದ್ದ ಅಂಗಡಿಯವರು, ಪಕ್ಕದ ಮನೆಯವರು, ಅವರ ಬಳಿ ಕಲಿತ ಹುಡುಗಿಯರು ಹೇಳುವುದು ಬೇರೆಯೇ ಇರುತ್ತದೆ.

ಮೊಬೈಲಿನಲ್ಲೇ ಧ್ವನಿ ಹಿಡಿಯಬಹುದು. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನು ನಿಲ್ಲಿಸಿ, ಫೋನನ್ನು ಮಡಿಸಿದ ಟವೆಲಿನ ಮೇಲೆ ಮಾತಾಡುವವರಿಂದ ಎರಡು ಗೇಣು ದೂರದಲ್ಲಿಡಿ, ಮೊದಲಿಗೆ ದಿನ, ಊರು, ಯಾರ ಮಾತು ಎಂದು ನೀವೇ ಹೇಳಿ ಆರಂಭಿಸಿ. ಸಾಧ್ಯವಿದ್ದರೆ ವೇವ್ (WAV) ರೂಪದಲ್ಲಿ ಉಳಿಸಿ, ಎಂಪಿ3 ಪ್ರತಿಯನ್ನು ಹಂಚಲು ಇಟ್ಟುಕೊಳ್ಳಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ವಯಸ್ಸಾದವರು ಅದಕ್ಕಿಂತ ಹೆಚ್ಚು ಕೂರಲಾರರು.

ಭಾಷೆಯನ್ನು ತಿದ್ದಬೇಡಿ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡದ ಮನೆಗಳಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುವುದು ದಿನದ ಸಂಗತಿ. ನಮ್ಮ ಅಜ್ಜಿ ಲೆಕ್ಕ ಹಾಕುತ್ತಿದ್ದದ್ದು ಕನ್ನಡದಲ್ಲಿ, ಬೈಯುತ್ತಿದ್ದದ್ದು ತೆಲುಗಿನಲ್ಲಿ, ತೊಟ್ಟಿಲು ತೂಗುವಾಗ ಎರಡೂ. ಇದನ್ನು ಪುಸ್ತಕದ ಕನ್ನಡಕ್ಕೆ ಇಳಿಸಿದರೆ ಸಿಗುವುದು ಯಾರೋ ಮೇಷ್ಟ್ರ ಅಜ್ಜಿ. ತೆಲುಗು ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು ಕೆಳಗೆ ಅರ್ಥ ಕೊಟ್ಟರೆ ಸಾಕು. ಮೊಮ್ಮಕ್ಕಳಲ್ಲಿ ಕೆಲವರು ಅಜ್ಜಿ ಎಂದೂ ಕೆಲವರು ಜೇಜಿ ಎಂದೂ ಕರೆಯುತ್ತಿದ್ದರೆ ಯಾರು ಏನೆಂದು ಕರೆಯುತ್ತಿದ್ದರೆಂಬುದನ್ನೂ ಗುರುತಿಸಿಡಿ.

ಕೆಲಸದ ವಿಧಾನವನ್ನು ದಾಖಲಿಸುವುದು

ವಸ್ತುವನ್ನು ಉಳಿಸಿ ವಿದ್ಯೆಯನ್ನು ಬಿಟ್ಟರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಹಿರಿಯರು ಇನ್ನೂ ಇದ್ದರೆ ಬೇರೆಲ್ಲವನ್ನೂ ಬದಿಗಿಟ್ಟು ಇದನ್ನು ಇಂದೇ ಮಾಡಿ: ಅವರ ಎದುರು ಕ್ಯಾಮೆರಾ ಇಡಬೇಡಿ, ಹಿಂದಿನಿಂದ ಬಲಭುಜದ ಮೇಲಿನಿಂದ ಕೈಗಳಷ್ಟೇ ಕಾಣುವಂತೆ ಹಿಡಿಯಿರಿ, ಏಕೆಂದರೆ ಕಲಿಯುವವನಿಗೆ ಬೇಕಾಗುವುದು ಮಾಡುವವರ ಕಣ್ಣಿನ ನೋಟ. ಅವರು ಇಲ್ಲವಾಗಿದ್ದರೆ ಅವರಿಂದ ಕಲಿತ ಒಬ್ಬರನ್ನು ಹುಡುಕಿ ಮಾಡಿಸಬೇಕು, ಪಕ್ಕದಲ್ಲಿ ಕೂತು ನೀವೂ ಮಾಡಬೇಕು.

ಗೂಡಿನ ಹಾರವನ್ನು ನಾವು ಹೀಗೆ ಚಿಕ್ಕಮ್ಮನ ಕೈಯಿಂದ ಮರಳಿ ಪಡೆದೆವು. ನೂಲು ಬಿಚ್ಚಲು ಬಾರದ ಗೂಡೇ ಹಾರಕ್ಕೆ ಒದಗುತ್ತಿದ್ದದ್ದು. ರೈತರ ಮನೆಯಲ್ಲಿ ಚಿಟ್ಟೆ ಹೊರಬರಲು ಬಿಡುವುದಿಲ್ಲ. ಚಿಟ್ಟೆ ತೂತು ಮಾಡಿಕೊಂಡು ಬಂದ ಗೂಡು ಸಿಗುವುದು ಮೊಟ್ಟೆ ತಯಾರಿಸುವ ಕಡೆ. ಅಜ್ಜಿಯ ತಂಗಿಯನ್ನು ಕೊಟ್ಟಿದ್ದದ್ದು ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಕುಣಿಗಲ್ ಕಡೆ, ಅಲ್ಲಿಂದ ವರ್ಷಕ್ಕೊಮ್ಮೆ ಒಂದು ಚೀಲ ಬರುತ್ತಿತ್ತಂತೆ. ಅದು ಮುಗಿದರೆ ಮನೆಯದೇ ಕಲೆಗೂಡು, ತೆಳುಗೂಡುಗಳನ್ನು ಚೆನ್ನಾಗಿ ಒಣಗಿಸಿ, ತುದಿ ಕತ್ತರಿಸಿ, ಒಳಗಿನ ಹುಳು ತೆಗೆದು ಬಳಸುತ್ತಿದ್ದರು. ಹಸಿಯಿದ್ದಾಗ ಕತ್ತರಿಸಿದರೆ ಹುಳುವಿನ ರಸ ತಗುಲಿ ಗೂಡು ಕಂದುತ್ತದೆ. ಮೇಲಿನ ಒರಟು ಎಳೆಯನ್ನು ಬಿಡಿಸಿ, ಬಣ್ಣದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಎಸಳು ಕತ್ತರಿಸಿ ದಾರಕ್ಕೆ ಪೋಣಿಸುವುದು ಮುಂದಿನ ಕೆಲಸ. ಎಸಳಿನ ಅಚ್ಚು ಕಳೆದುಹೋಗಿದ್ದರಿಂದ ಹಳೆಯ ಹಾರದ ಒಂದು ಹೂವಿನ ಮೇಲೆ ಕಾಗದವಿಟ್ಟು ಅಂಚನ್ನು ಪೆನ್ಸಿಲ್ಲಿನಲ್ಲಿ ಎಳೆದುಕೊಂಡೆವು.

ಗೂಡಿನ ಬಣ್ಣ ನೋಡಿಯೂ ಕಾಲ ಊಹಿಸಬಹುದು. ಹಸಿರು ಮಿಶ್ರಿತ ಹಳದಿ ಗೂಡು ಹಳೆಯ ಮೈಸೂರು ತಳಿಯದು, ಹಳದಿ ಗೂಡು ಮಿಶ್ರತಳಿಯದು, ಅಚ್ಚ ಬಿಳಿಯದು ದ್ವಿತಳಿಯದು (ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿ). ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಎಂಬ ದ್ವಿತಳಿಗಳು 1990ರ ದಶಕದ ಕೊನೆಗೆ ರೈತರಿಗೆ ತಲುಪಿದವು. ಬಣ್ಣ ಹಾಕದ ಬಿಳಿ ಗೂಡಿನದೇ ಹಾರವಾದರೆ ಅದಕ್ಕೂ ಈಚಿನದಿರುವ ಸಂಭವ ಹೆಚ್ಚು.

ವಿಧಾನದ ಜೊತೆಗೆ ಹೊತ್ತನ್ನೂ ಬರೆಯಬೇಕು. ಅವರು ಇದನ್ನೆಲ್ಲ ಯಾವಾಗ ಮಾಡುತ್ತಿದ್ದರು? ರೇಷ್ಮೆ ಮನೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದ (ಪೊರೆ ಬಿಡುವಾಗಿನ ನಿದ್ರೆಯಿಂದ) ಎದ್ದ ಮೇಲಿನ ಒಂದು ವಾರ ಯಾರಿಗೂ ನಿದ್ರೆಯಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ಆಗಲೇ ತಿನ್ನುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಟ್ಟ ಮೇಲೆ, ಗೂಡು ಬಿಡಿಸುವವರೆಗಿನ ನಾಲ್ಕೈದು ದಿನ ಅವರ ಬಿಡುವು. ಅಜ್ಜಿಯ ಕುಸುರಿಯೆಲ್ಲ ಈ ಸಂದಿನಲ್ಲಿ ಆದದ್ದು. ಕೌದಿಯ ಹೊಲಿಗೆಯಲ್ಲಿ ದಾರದ ಬಣ್ಣ ಇದ್ದಕ್ಕಿದ್ದಂತೆ ಬದಲಾಗುವ ಜಾಗಗಳು ಬೆಳೆಯಿಂದ ಬೆಳೆಗೆ ಕೆಲಸ ನಿಂತು ಮುಂದುವರಿದ ಗುರುತುಗಳೆಂದು ಚಿಕ್ಕಮ್ಮನ ಲೆಕ್ಕ, ನನಗೂ ಹಾಗೆಯೇ ತೋರುತ್ತದೆ.

ಬರೆಯುವುದು

ಇಷ್ಟಾದ ಮೇಲೆ ಬರಹ ಕಷ್ಟವಲ್ಲ. ಹತ್ತು ಹನ್ನೆರಡು ವಸ್ತುಗಳನ್ನು ಆರಿಸಿ, ಒಂದೊಂದಕ್ಕೆ ಎರಡು ಮೂರು ಪುಟದಂತೆ ಬರೆಯಿರಿ; ಜನನ ಮರಣದ ವಿವರ, ವಂಶವೃಕ್ಷ ಕೊನೆಯಲ್ಲಿ ಒಂದು ಪುಟದಲ್ಲಿರಲಿ. ಕರುಣಾಮಯಿ, ತ್ಯಾಗಮೂರ್ತಿ ಎಂಬ ಪದಗಳನ್ನು ಬಳಸದೆ ಬರೆಯಲು ನೋಡಿ. ಕೌದಿಯ ಹೊಲಿಗೆ ಸೊಟ್ಟಗಾದರೆ ಸೊಸೆಯ ಕೈಯಿಂದ ಕಸಿದು ಬಿಚ್ಚಿಸುತ್ತಿದ್ದರು ಎಂಬುದನ್ನೂ ಬರೆಯಬೇಕು, ಆ ಸೊಸೆಯನ್ನು ಕೇಳಿಕೊಂಡು. ಇರುವವರ ಜಗಳ, ಜಮೀನಿನ ವ್ಯಾಜ್ಯ, ಒಡವೆಯ ವಿವರ ಈ ಪುಸ್ತಕಕ್ಕೆ ಬೇಡ.

ಬೆರಳಚ್ಚು ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಟ್ಟ ಕಡತಗಳು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಡಿಟಿಪಿಯವರು ಕೊಟ್ಟ ಕಡತವನ್ನೂ ಪರಿವರ್ತಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಹಳೆಯ ಫೋಟೊಗಳನ್ನು 600 ಡಿಪಿಐಯಲ್ಲಿ, ಪಾಸ್‌ಪೋರ್ಟ್ ಅಳತೆಯವನ್ನು 1200ರಲ್ಲಿ ಸ್ಕ್ಯಾನ್ ಮಾಡಬೇಕು, ಹಿಂಬದಿಯ ಸ್ಟುಡಿಯೋ ಮುದ್ರೆಯನ್ನೂ ಬಿಡದೆ. ಸ್ಕ್ಯಾನ್ ಮಾಡಿಸಲು ಮೂಲ ಫೋಟೊವನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಎದುರು ನಿಂತು ಮಾಡಿಸಿ. ಅಜ್ಜಿಯ ಮದುವೆಯ ಏಕೈಕ ನೆಗೆಟಿವ್ ನಮಗೆ ಒಂದು ಅಂಗಡಿಯಿಂದ ಮರಳಿ ಬರಲೇ ಇಲ್ಲ. ಎಲ್ಲ ಕಡತಗಳ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿ.

ಕಾಪಾಡುವುದು ಮತ್ತು ಹಂಚುವುದು

ಪ್ಲಾಸ್ಟಿಕ್ ಕವರು ಬಟ್ಟೆಗೆ ಶತ್ರು, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಗಂಜಿಯಿಲ್ಲದ, ಒಗೆದ ಬಿಳಿ ಮಲ್ಲು ಪಂಚೆಯಲ್ಲಿ ಸುತ್ತಿ. ಜರಿಗೆ ನುಸಿಗುಳಿಗೆ ತಾಗಿದರೆ ಕಪ್ಪಾಗುತ್ತದೆ. ಗುಳಿಗೆಯ ಬದಲು ಬಜೆ, ಲವಂಗ, ಒಣ ಬೇವಿನೆಲೆಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡಬಹುದು, ಸೀರೆಗೆ ತಾಗದಂತೆ. ಕೌದಿಯನ್ನು ಮಡಿಸುವ ಬದಲು ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತುವುದು ಮೇಲು. ಮಡಿಸಲೇಬೇಕಾದರೆ ಆರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ.

ಗೂಡಿನ ಹಾರಕ್ಕೆ ಬೇರೆ ಎಚ್ಚರ ಬೇಕು. ಒಳಗೆ ಹುಳುವಿನ ಚಿಪ್ಪು ಉಳಿದಿದ್ದರೆ ಡರ್ಮೆಸ್ಟಿಡ್ ಎಂಬ ಸಣ್ಣ ಜೀರುಂಡೆ ಬಂದು ಗೂಡನ್ನೇ ಕೊರೆಯುತ್ತದೆ. ಪ್ರತಿ ಗೂಡನ್ನೂ ಬೆಳಕಿಗೆ ಹಿಡಿದು ನೋಡಿ, ಚಿಪ್ಪಿದ್ದರೆ ಚಿಮುಟದಿಂದ ತೆಗೆಯಿರಿ. ಪುಡಿ ಉದುರುತ್ತಿದ್ದರೆ ಹಾರವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚದೆ ಬಿಡಿ. ಕೂಡಲೇ ಬಿಚ್ಚಿದರೆ ಗೂಡಿನ ಮೇಲೆ ನೀರು ಕೂರುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಪ್ಲಾಸ್ಟಿಕ್ ಚೀಲವಾಗಬಹುದು.

ಹಂಚುವುದು ಇದೆಲ್ಲ ಆದ ಮೇಲೆ. ಎಲ್ಲವನ್ನೂ ಒಂದೇ ಮನೆಯಲ್ಲಿಡಬೇಕೆಂಬ ಹಟ ನನಗಿಲ್ಲ. ಹರಡಿದ್ದರೆ ಒಂದು ಮನೆಗೆ ಗೆದ್ದಲು ಹಿಡಿದರೂ ಇನ್ನೊಂದರಲ್ಲಿ ಉಳಿಯುತ್ತದೆ. ಪ್ರತಿ ವಸ್ತುವಿನ ಜೊತೆ ಪಟ್ಟಿಯ ಆ ಸಾಲಿನ ನಕಲು ಹೋಗಬೇಕು, ಪಡೆದವರ ಸಹಿ ಪುಸ್ತಕದಲ್ಲಿ ಬೀಳಬೇಕು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡಲು ಎಲ್ಲರೂ ಸೇರುವ ದಿನವೇ ತೆಗೆದು ನೋಡುವುದಕ್ಕೆ ಅನುಕೂಲ, ಆದರೆ ನಮ್ಮಲ್ಲಿ ಆ ಹೊತ್ತಿಗೆ ಗಾಳಿಯಲ್ಲಿ ತೇವವಿರುತ್ತದೆ. ಬಟ್ಟೆ ಹರಡಿ ಗಾಳಿಗೆ ಬಿಡುವ ಕೆಲಸವನ್ನು ಸಂಕ್ರಾಂತಿ ಕಳೆದ ಮೇಲೆ ಇಟ್ಟುಕೊಳ್ಳಿ.

ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಬೇಕೇ ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ನಮ್ಮಲ್ಲಿ ಆ ಕೊನೆಯ ವೈರ್ ಬುಟ್ಟಿಯ ವಿಷಯದಲ್ಲಿ ವಾದ ನಡೆದು, ಅದನ್ನು ಹಾಗೆಯೇ ಇಟ್ಟು, ಅದೇ ಉಂಡೆಯಲ್ಲಿ ಉಳಿದಿದ್ದ ವೈರಿನಿಂದ ಚಿಕ್ಕಮ್ಮ ಹೊಸದೊಂದನ್ನು ಹೆಣೆಯುವುದೆಂದು ತೀರ್ಮಾನವಾಯಿತು. ಒಂದೂವರೆ ಗೇಣೇ ಹಿಡಿದು ಹೆಣೆದರು. ಅಳೆದಾಗ ಹನ್ನೆರಡು ಇಂಚು ಬಂತು; ಚಿಕ್ಕಮ್ಮನ ಗೇಣು ಎಂಟು. ಪಟ್ಟಿಯಲ್ಲಿ ಅದಕ್ಕೆ ಬೇರೆ ಸಂಖ್ಯೆ ಕೊಟ್ಟು, ಮಾಡಿದವರ ಹೆಸರಿನಲ್ಲಿ ಚಿಕ್ಕಮ್ಮನ ಹೆಸರು ಬರೆದೆವು.